ಮಂಡಿಯ ಕಾರ್ಟಿಲೇಜ್‌ಗೆ ಯಾವ ಸ್ಕ್ಯಾನ್? ನನ್ನ ಮಂಡಿಯಲ್ಲೇ ನೋಡಿದೆ

ಎಂಆರ್‌ಐ ಕೋಣೆಯಲ್ಲಿ ದಿನವೂ ಬೇರೆಯವರ ಮಂಡಿ ನೋಡುತ್ತೇನೆ. ಒಂದು ಸಂಜೆ ಕೆಲಸ ಮುಗಿದ ಮೇಲೆ ನಾನೇ 3 ಟೆಸ್ಲಾ ಯಂತ್ರದೊಳಗೆ ಮಲಗಿದೆ. ಸಹೋದ್ಯೋಗಿ ಮೂರು ಬಗೆಯಲ್ಲಿ ಚಿತ್ರ ತೆಗೆದರು. ಓಡಾಟದ ಭಾರಕ್ಕೆ, ಮೂಳೆಯ ತುದಿಗೆ ಹೊದಿಕೆಯಾಗಿರುವ ಕಾರ್ಟಿಲೇಜ್‌ನ ನೀರು ಸ್ವಲ್ಪ ಹಿಂಡಿಹೋಗುತ್ತದೆ. ಅದಕ್ಕೇ ಮೊದಲು ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ಮೊದಲನೆಯದು ಪಿಡಿ ಫ್ಯಾಟ್‌ಸ್ಯಾಟ್, ಅಂದರೆ ಕೊಬ್ಬಿನ ಹೊಳಪು ಅಡಗಿಸಿ ತೆಗೆಯುವ ಮಾಮೂಲಿ ಚಿತ್ರ; ನಾಲ್ಕು ನಿಮಿಷದಲ್ಲಿ ಮುಗಿಯಿತು. ಕೀಲಿನ ದ್ರವ ಬೆಳ್ಳಗೆ, ಕಾರ್ಟಿಲೇಜ್ ಬೂದು. ಬಿರುಕು, ಗುಳಿ ಇದ್ದರೆ ಎದ್ದು ಕಾಣುತ್ತದೆ. ಮೇಲ್ಮೈ ನುಣುಪಾಗಿಯೇ ಇದ್ದು ಒಳಗೊಳಗೆ ಕೆಡುತ್ತಿದ್ದರೆ ಮಾತ್ರ ಇದರಲ್ಲಿ ತಿಳಿಯುವುದು ಕಷ್ಟ.

ಎಂಆರ್‌ಐ ಸಂಕೇತ ಆರಲು ಹಿಡಿಯುವ ಕಾಲವನ್ನು (ಟಿ2) ಜಾಗಜಾಗಕ್ಕೂ ಅಳೆದು ಬಣ್ಣದಲ್ಲಿ ತೋರಿಸುವ ಟಿ2 ಮ್ಯಾಪ್‌ಗೆ ಏಳು ನಿಮಿಷ ಹಿಡಿಯಿತು. ನನಗೆ ತುಂಬ ಇಷ್ಟವಾದದ್ದು ಇದೇ. ಒಳಗಿನ ಕಟ್ಟೋಣ ಬಣ್ಣದಲ್ಲೇ ಗೊತ್ತಾಗುತ್ತದೆ. ಮೂಳೆಯ ಹತ್ತಿರ ಕೊಲಾಜೆನ್ ನಾರುಗಳು ಪೈರಿನ ಹಾಗೆ ನೆಟ್ಟಗೆ ನಿಂತಿರುತ್ತವೆ, ನಡುವೆ ದಿಕ್ಕಾಪಾಲು, ಮೇಲ್ಗಡೆ ಚಾಪೆಯ ಹಾಗೆ ಮಲಗಿರುತ್ತವೆ. ತೊಂದರೆ ಇರುವುದೂ ಇಲ್ಲೇ. ನಾರು ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾದರೆ, ಕಾಯಿಲೆ ಏನೂ ಇಲ್ಲದಿದ್ದರೂ, ಸವೆದ ಕಾರ್ಟಿಲೇಜ್‌ನಲ್ಲಿ ಆಗುವ ಹಾಗೆ ಟಿ2 ಏರುತ್ತದೆ. ಇದಕ್ಕೆ ಮ್ಯಾಜಿಕ್ ಆ್ಯಂಗಲ್ ಅನ್ನುತ್ತೇವೆ. ತೊಡೆಮೂಳೆಯ ತುದಿ ದುಂಡಗಿದೆ ಅಲ್ವಾ, ಎಲ್ಲೋ ಒಂದು ಕಡೆ ಆ ಕೋನ ಬಂದೇ ಬರುತ್ತದೆ.

ನನ್ನ ಮಂಡಿಯಲ್ಲಿ ಭಾರ ಹೊರುವ ಕಡೆ, ಮೂಳೆಗೆ ಅಂಟಿದ ಪದರದಲ್ಲಿ 28 ಮಿಲಿಸೆಕೆಂಡ್ ಬಂತು. ತೊಡೆಮೂಳೆ ತುದಿಯ ಹಿಂಬದಿಯ ತಿರುವಿನಲ್ಲಿ ಅದೇ ಪದರ 42 ತೋರಿಸಿತು. ಅಲ್ಲಿ ಯಾವತ್ತೂ ನೋವು ಬಂದಿಲ್ಲ. ಮಂಡಿಯಡಿ ದಿಂಬಿಟ್ಟು, ಕಾಲು ಸ್ವಲ್ಪ ಮಡಚಿ ಮತ್ತೆ ತೆಗೆಸಿದೆ. ಟಿ2 ಏರಿದ್ದನ್ನು ತೋರಿಸುವ ಕೆಂಪು ಮಚ್ಚೆ ತಿರುವಿನ ಉದ್ದಕ್ಕೂ ಇನ್ನಷ್ಟು ಹಿಂದಕ್ಕೆ ಸರಿದಿತ್ತು! ನಿಜವಾದ ಸವೆತವಾಗಿದ್ದರೆ ಇದ್ದಲ್ಲೇ ಇರುತ್ತಿತ್ತು.

ಮೂರನೆಯ ಬಗೆ ಟಿ1 ರೋ, ಇದೂ ಒಂದು ಅಳತೆಯ ಮ್ಯಾಪ್. ಅದರಲ್ಲಿ ಈ ಕೋನದ ಕಾಟ ಕಡಿಮೆ, ಪೂರ್ತಿ ಹೋಗುವುದಿಲ್ಲ. ಕಾರ್ಟಿಲೇಜ್‌ನಲ್ಲಿ ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕಾನ್ ಕಡಿಮೆಯಾಗುವುದನ್ನು ಬೇಗ ಹಿಡಿಯುತ್ತದೆ ಅನ್ನುವುದು ಇದರ ದೊಡ್ಡ ಗುಣ. ಆದರೆ ಬೇರೆ ಸಾಫ್ಟ್‌ವೇರ್ ಬೇಕು, ಹತ್ತು ನಿಮಿಷ ಅಲುಗಾಡದೆ ಮಲಗಬೇಕು. ನೋವಿರುವವರಿಗೆ ಅದು ಸಣ್ಣ ವಿಷಯವಲ್ಲ.

ನೋವು ಅಂತ ಬಂದವರಿಗೆ ನಾನು ಪಿಡಿಯನ್ನೇ ಮೊದಲು ಹೇಳುತ್ತೇನೆ. ಲಿಗಮೆಂಟ್ ಆಪರೇಷನ್ ಆದ ಆಟಗಾರರನ್ನು ವರ್ಷಗಟ್ಟಲೆ ಗಮನಿಸಬೇಕಾದರೆ ಟಿ2 ಮ್ಯಾಪ್. ಪ್ರತಿ ಸಲವೂ ಕಾಲು ಅದೇ ಕೋನದಲ್ಲಿ ಇರಬೇಕು. ಈಗ ದಿಂಬಿನ ಎತ್ತರವನ್ನೂ ಫೈಲಿನಲ್ಲಿ ಬರೆದಿಡುತ್ತಿದ್ದೇನೆ.