ಇಳಕಲ್ ಸೀರೆ ಅಂಗಡಿಗೆ ಡಾಟ್ ಕಾಮೋ, ಡಾಟ್ ಇನ್ನೋ?

ಬಾಗಲಕೋಟೆಯಲ್ಲಿ ಕೂತು ಇಳಕಲ್ ಸೀರೆ ಮಾರುವವರ ವೆಬ್‌ಸೈಟ್ ವಿಳಾಸದ ಕೊನೆಗೆ ಡಾಟ್ ಕಾಮ್, ಡಾಟ್ ಇನ್ ಎರಡೂ ನಡೆಯುತ್ತವೆ. ಆದರೆ ಹಿಂದಿರುವ ಆಡಳಿತ ಬೇರೆ ಬೇರೆ.

ಡಾಟ್ ಕಾಮ್ ನಡೆಸುವುದು ವೆರಿಸೈನ್ ಕಂಪನಿ, ಜಗತ್ತಿನ ವೆಬ್ ವಿಳಾಸಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಜತೆಗಿನ ಒಪ್ಪಂದದಡಿ. ಆರು ವರ್ಷದ ಅವಧಿಯಲ್ಲಿ ಕೊನೆಯ ನಾಲ್ಕು ವರ್ಷ ಹೆಸರು ಮಾರುವ ಕಂಪನಿಗಳಿಗೆ ಹಾಕುವ ಸಗಟು ದರವನ್ನು ವರ್ಷಕ್ಕೆ ಶೇ 7ರವರೆಗೆ ಏರಿಸಬಹುದು. ಮರುಮಾರಾಟಕ್ಕೆಂದು ಸಾವಿರಾರು ಹೆಸರು ಇಟ್ಟುಕೊಂಡ ಹೂಡಿಕೆದಾರರಿಗೆ ಇದು ದೊಡ್ಡ ಹೊರೆ, ಅದಕ್ಕೇ ಅವರು ವಿರೋಧಿಸುತ್ತಾರೆ. ಒಂದೇ ಹೆಸರಿನ ಅಂಗಡಿಗೆ ಅಷ್ಟೇನಿಲ್ಲ. ನಿಜವಾದ ತೊಂದರೆ ಬೇರೆ: ಚಿಕ್ಕ, ಚೆಂದದ ಹೆಸರುಗಳು ಜಾಸ್ತಿ ಈ ಹೂಡಿಕೆದಾರರ ಕೈಯಲ್ಲೇ ಇವೆ. ಮನೆ ಕಟ್ಟುವ ಸೈಟು ಕೊಂಡಿಟ್ಟವರ ಹಾಗೆ, ಅವರು ಹೇಳಿದ್ದೇ ಬೆಲೆ.

ಡಾಟ್ ಇನ್ ನಿಕ್ಸಿ ಸಂಸ್ಥೆಯದು, ಕೇಂದ್ರ ಐಟಿ ಸಚಿವಾಲಯದಡಿ ಬರುತ್ತದೆ. ಇದರ ದರಕ್ಕೂ ಐಕ್ಯಾನ್‌ಗೂ ಸಂಬಂಧವಿಲ್ಲ. ನಿಮ್ಮ ಟ್ರೇಡ್‌ಮಾರ್ಕ್ ಹೆಸರನ್ನು ಯಾರಾದರೂ ಕೆಟ್ಟ ಉದ್ದೇಶದಿಂದ ಹಿಡಿದಿಟ್ಟರೆ, ಡಾಟ್ ಇನ್ ಹೆಸರುಗಳ ತಕರಾರು ಬಗೆಹರಿಸುವ ಇಂಡಿಆರ್‌ಪಿ ನಿಯಮದಡಿ ಇಲ್ಲೇ ದೂರು ಕೊಡಬಹುದು. ಡಾಟ್ ಕಾಮ್‌ಗಾದರೆ ಅಂಥದ್ದೇ ನಿಯಮವಾದ 1999ರ ಯುಡಿಆರ್‌ಪಿ.

ಗಿರಾಕಿಗಳು ದೇಶದೊಳಗಿನವರೇ ಅಲ್ವಾ? ನಾನಾದರೆ ಡಾಟ್ ಇನ್ ತಗೊಳ್ತೀನಿ. ಹೊರದೇಶಕ್ಕೂ ಸೀರೆ ಕಳಿಸುವವರು ಡಾಟ್ ಕಾಮ್ ಹೆಸರು ಖಾಲಿ ಇದ್ದರೆ ಅದನ್ನೂ ಹಿಡಿಯಲಿ. ಯಾವುದೇ ಇರಲಿ, ನೋಂದಣಿ ವೆಬ್‌ಸೈಟ್ ಮಾಡುವ ಹುಡುಗನ ಹೆಸರಲ್ಲಿ ಬೇಡ, ನಿಮ್ಮ ಹೆಸರಲ್ಲೇ ಇರಲಿ.