ಬಿದ್ದೆದ್ದ ಮೇಲೆ ಬರೀತಿರೋ ಡ್ರೋನ್ ರಿವ್ಯೂ

ಡ್ರೋನ್ ರಿವ್ಯೂ ಬರೆಯೋರು ಸಾಮಾನ್ಯವಾಗಿ ಡಬ್ಬ ಬಿಚ್ಚಿದ ದಿನಾನೇ ಬರೀತಾರೆ, ಆವತ್ತು ಎಲ್ಲಾ ಡ್ರೋನೂ ಚೆನ್ನಾಗೇ ಹಾರುತ್ತೆ ಬಿಡಿ. ನಾನು ಬರೀತಿರೋದು ನಾಲ್ಕು ತಿಂಗಳು ಆಡಿಸಿ, ಗೋಡೆಗೆ ಗುದ್ದಿಸಿ, ಮೂರು ವಾರ ತಲೆ ಕೆಡಿಸ್ಕೊಂಡು ರಿಪೇರಿ ಮಾಡಿದ್ಮೇಲೆ. ಅಂಗೈಗಿಂತ ಚೂರು ದೊಡ್ಡದು, 720 ಬ್ರಶ್ಡ್ ಮೋಟರ್ ಅಂದ್ರೆ 7 ಮಿಮೀ ದಪ್ಪ 20 ಮಿಮೀ ಉದ್ದದ್ದು, ಒಂದೇ ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಇದೇ ಅಚ್ಚಿನ ಮಾಲು ಹತ್ತು ಹೆಸರಲ್ಲಿ ಸಿಗುತ್ತೆ, ಅದಕ್ಕೆ ಹೆಸರು ಬರೀತಿಲ್ಲ.

ಗುದ್ದಿದ್ದು ಅಂಥಾ ಜೋರಾಗೇನೂ ಅಲ್ಲ, ಆದ್ರೆ ಹಿಂದಿನ ಎಡ ಮೂಲೆ ನೆಲಕ್ಕೆ ಬಡೀತು. ಆಮೇಲಿಂದ ಮೇಲೆದ್ದ ತಕ್ಷಣ ಆ ಮೂಲೆ ಕಡೆಗೆ ವಾಲೋದು, ಜೊತೆಗೆ ನಿಧಾನಕ್ಕೆ ಸುತ್ತೋದು. ನಾನು ಮಾಡಿದ ಮೊದಲನೇ ತಪ್ಪು ಅಂದ್ರೆ ರಿಮೋಟಲ್ಲಿ ಟ್ರಿಮ್ ಒತ್ತಿದ್ದು, ಅಂದ್ರೆ ಡ್ರೋನ್ ಒಂದು ಕಡೆ ವಾಲಿದ್ರೆ ಸರಿದೂಗಿಸೋ ಬಟನ್. ಒತ್ತಿ ಒತ್ತಿ ಹದಿನೈದು ಸಲ ಬೀಪ್ ಅನ್ನಿಸಿದೆ, ಐದು ನಿಮಿಷ ಸರಿ ಅನ್ಸ್ತು, ಮತ್ತೆ ಅದೇ ಕಥೆ.

ಆಮೇಲೆ ರೆಕ್ಕೆ ನೋಡಿದೆ. ನೀವು ಇದನ್ನೇ ಮೊದಲು ನೋಡಿ. ಬುಡದಲ್ಲಿ ಪ್ಲಾಸ್ಟಿಕ್ ಬೆಳ್ಳಗಾಗಿದ್ರೆ ಅದು ಬಾಗಿದೆ ಅಂತಲೇ ಲೆಕ್ಕ, ಬೆರಳಲ್ಲಿ ನೆಟ್ಟಗೆ ಮಾಡಿದ್ರೂ ನಡೆಯಲ್ಲ, ಬದಲಾಯಿಸಿ. ರೆಕ್ಕೆ ಮೇಲೆ ತಿರುಗೋ ದಿಕ್ಕು ಗೊತ್ತಾಗೋಕೆ ಎ, ಬಿ ಅಂತ ಅಕ್ಷರ ಇರುತ್ತೆ, ಕರ್ಣದಲ್ಲಿ ಎದುರುಬದುರು ಇರೋ ಎರಡು ಒಂದೇ ದಿಕ್ಕಿಗೆ ತಿರುಗ್ಬೇಕು, ಅದಲು ಬದಲು ಆದ್ರೆ ಮೇಲೇಳೋ ಬದಲು ಪಲ್ಟಿ ಹೊಡಿಯುತ್ತೆ. ಈ ಡ್ರೋನಲ್ಲಿ ಆ ಅಕ್ಷರ ಎಷ್ಟು ಸಣ್ಣ ಅಂದ್ರೆ ಫೋನಲ್ಲಿ ಫೋಟೋ ತೆಗೆದು ಝೂಮ್ ಮಾಡಿ ಓದ್ಬೇಕಾಯ್ತು. ರೆಕ್ಕೆ ತೆಗೆದಾಗ ಶಾಫ್ಟಿಗೆ ಒಂದು ತಲೆಗೂದಲು ಸುತ್ಕೊಂಡಿತ್ತು, ಸಿಕ್ತಪ್ಪಾ ಕಳ್ಳ ಅಂತ ಖುಷಿಯಾಗಿ ಚಿಮಟದಲ್ಲಿ ಎಳೆದು ಹಾಕಿ ಹಾರಿಸಿದ್ರೆ ಊಹೂಂ, ಅದೇ ವಾಲಾಟ.

ಸರಿ ಮೋಟರ್ರೇ ಹೋಗಿದೆ ಅಂತ ತೀರ್ಮಾನ ಮಾಡಿ ಹೊಸದು ತರಿಸಿದೆ. ಇಲ್ಲೊಂದು ಒಳ್ಳೆ ಮಾತು ಹೇಳ್ಬೇಕು, ಈ ಡ್ರೋನಲ್ಲಿ ಮೋಟರ್ ವೈರಿಗೆ ಪುಟ್ಟ ಕನೆಕ್ಟರ್ ಇದೆ, ಬೆಸುಗೆ ಹಾಕೋ ಕೆಲಸ ಇಲ್ಲ. ಹೊಸ ಮೋಟರ್ ಕೂರಿಸಿದ್ರೂ ಸರಿಹೋಗ್ಲಿಲ್ಲ!! ಆಗ ಹೊಳೀತು, ಕರ್ಣದಲ್ಲಿ ಎದುರಿಗಿರೋ ಮೋಟರ್ ಜೊತೆ ಅದಲು ಬದಲು ಮಾಡಿ ನೋಡಿದ್ರೆ ದುಡ್ಡು ಖರ್ಚು ಮಾಡೋ ಮುಂಚೇನೇ ಗೊತ್ತಾಗ್ತಿತ್ತಲ್ಲ ಅಂತ. ಎರಡೂ ಒಂದೇ ದಿಕ್ಕಿಗೆ ತಿರುಗೋವು ತಾನೇ, ತೊಂದರೆ ಮೋಟರ್ ಜೊತೇಲೇ ಆ ಕಡೆ ಹೋದ್ರೆ ಮೋಟರ್ರೇ ಕಾರಣ, ಅದೇ ಮೂಲೇಲಿ ಉಳಿದ್ರೆ ಮೋಟರ್ ಹಿಡ್ಕೊಂಡಿರೋ ತೋಳೋ, ಒಳಗಿನ ಸರ್ಕ್ಯೂಟ್ ಬೋರ್ಡೋ ಕಾರಣ. ನಂದು ಅಲ್ಲೇ ಉಳೀತು.

ತೋಳು ನೋಡೋಕೆ ಏನೂ ಆಗಿರ್ಲಿಲ್ಲ. ಮೋಟರ್ ಕೆಳಗೆ ಬೆರಳಿಟ್ಟು ಮೆಲ್ಲಗೆ ಮೇಲಕ್ಕೆ ಒತ್ತಿದಾಗ ತೋಳಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿ ಬಿಡ್ತು, ಬಿಟ್ರೆ ಮುಚ್ಕೊಳ್ತು. ರೆಕ್ಕೆ ಜೋರಾಗಿ ತಿರುಗಿ ಎತ್ತುವಾಗ ತೋಳು ಅಲ್ಲೇ ತಿರುಚ್ಕೊಂಡು ಮೋಟರ್ ಓರೆ ಆಗ್ತಿತ್ತು, ಗಾಳಿ ನೆಟ್ಟಗೆ ಕೆಳಗೆ ಹೋಗೋ ಬದಲು ಪಕ್ಕಕ್ಕೂ ಹೋಗ್ತಿತ್ತು, ಅದಕ್ಕೇ ಆ ಸುತ್ತಾಟ. ಮೇಜಿನ ಮೇಲಿಟ್ಟು ನೋಡಿದ್ರೆ ಇದು ಜನ್ಮದಲ್ಲಿ ಕಾಣಲ್ಲ. ಬಿರುಕಿಗೆ ಒಂದು ಹನಿ ಸೂಪರ್ ಗ್ಲೂ, ಪಕ್ಕಕ್ಕೆ ಅರ್ಧ ಹಲ್ಲುಕಡ್ಡಿ ಇಟ್ಟು ದಾರ ಸುತ್ತಿದೆ. ಗ್ಲೂ ಮೋಟರ್ ಒಳಗೆ ಇಳಿದ್ರೆ ಮೋಟರ್ ಸತ್ತಂಗೆ, ಅದಕ್ಕೆ ಮೋಟರ್ ಬಿಚ್ಚಿಟ್ಟೇ ಈ ಕೆಲಸ ಮಾಡಿ.

ಒಣಗಿದ್ಮೇಲೆ ಹಾರಿಸಿದ್ರೆ ಈಗ ಉಲ್ಟಾ ಕಡೆಗೆ ಓಡ್ತಿದೆ 😀 ಆ ಹದಿನೈದು ಬೀಪ್ ಮರ್ತೇಬಿಟ್ಟಿದ್ದೆ. ಟ್ರಿಮ್ ವಾಪಸ್ ನಡುವಿಗೆ ತಂದು, ಸಮ ನೆಲದ ಮೇಲಿಟ್ಟು ಗೈರೋ (ವಾಲೋದು, ತಿರುಗೋದು ಗುರುತಿಸೋ ಸೆನ್ಸರ್) ಕ್ಯಾಲಿಬ್ರೇಟ್ ಮಾಡಿದ್ಮೇಲೆ, ಅಂದ್ರೆ ನೇರ ಅಂದ್ರೆ ಯಾವುದು ಅಂತ ಅದಕ್ಕೆ ಮತ್ತೆ ಕಲಿಸಿದ್ಮೇಲೆ, ನಿಂತಲ್ಲೇ ನಿಲ್ತು. ಕ್ಯಾಲಿಬ್ರೇಶನ್ ಹಾಸಿಗೆ ಮೇಲೆ ಮಾಡ್ಬೇಡಿ, ಓರೆ ಇರೋದನ್ನೇ ಅದು ನೇರ ಅಂದ್ಕೊಳ್ಳುತ್ತೆ.

ಡ್ರೋನಿಗೆ ಐದಕ್ಕೆ ಮೂರೂವರೆ ಕೊಡ್ತೀನಿ, ಮ್ಯಾನುಯಲ್ಲಿಗೆ ಒಂದು, ಅದೂ ಕ್ಯಾಲಿಬ್ರೇಶನ್ ಚಿತ್ರ ಇದೆ ಅಂತ. ಬಿದ್ದ ದಿನ ಒಳಗಿದ್ದ ಬ್ಯಾಟರಿ ಆಮೇಲೆ ಊದ್ಕೊಳ್ತು, ಅದನ್ನ ಮತ್ತೆ ಚಾರ್ಜಿಗೆ ಹಾಕ್ಲೇ ಇಲ್ಲ, ನೀವೂ ಹಾಕ್ಬೇಡಿ, ಬೆಂಕಿ ಹತ್ಕೊಳ್ಳೋ ಸಾಮಾನು ಅದು. ಕಲಿಯೋಕೆ ಅಂತ ತಗೊಳ್ಳೋರು ಜೊತೆಗೆ ಎರಡು ಸೆಟ್ ರೆಕ್ಕೆ, ತೋಳುಗಳಿರೋ ಕೆಳಗಿನ ಬಾಡಿ ಒಂದು ಆರ್ಡರ್ ಹಾಕ್ಕೊಳ್ಳಿ. ಮೋಟರ್ ಮಾತ್ರ ಬೇಡ, ನನ್ಹತ್ರ ಒಂದು ಸುಮ್ನೆ ಬಿದ್ದಿದೆ.