ಗೋಣಿಚೀಲ ಉಳೀತು: ಮನೆಗೆ ಬಂದು ಕಲಿಸುವ ನಾಯಿ ಟ್ರೈನಿಂಗ್, ಎರಡು ವರ್ಷದ ನಂತರ

ನಮ್ಮ ಬೀದಿಯಲ್ಲಿ ಯಾರೇ ಹೊಸದಾಗಿ ನಾಯಿಮರಿ ತಂದರೂ ನನ್ನನ್ನು ಕೇಳುವುದು ಒಂದೇ: "ನಿಮ್ಮ ಗುಂಡನಿಗೆ ಟ್ರೈನಿಂಗ್ ಕೊಡಿಸಿದ್ರಲ್ಲ, ಕೊಟ್ಟ ದುಡ್ಡಿಗೆ ಮೋಸ ಇಲ್ವಾ?" ಗೇಟಿನ ಹತ್ತಿರ ನಿಂತು ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಟ್ರೈನರ್ ಹೆಸರು ಹಾಕುವುದಿಲ್ಲ. ನಮ್ಮೂರು ಅಷ್ಟು ದೊಡ್ಡದೇನಲ್ಲ, ನಾಳೆ ಬೆಣ್ಣೆದೋಸೆ ಹೋಟೆಲಲ್ಲಿ ಅವರೇ ಎದುರಿಗೆ ಕೂತಿರುತ್ತಾರೆ.

ಗುಂಡ ಲ್ಯಾಬ್ರಡಾರ್. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ, ಮುಂದೆ ಚೂರು ಕಾಂಪೌಂಡ್. ನಾನು ಸೊಸೈಟಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ, ಮನೆಯವರಿಗೆ ಅಂಗಡಿ, ಮಗ ಪಿಯುಸಿ. ಹಗಲೆಲ್ಲ ಗುಂಡನ ಜೊತೆ ಇರುವುದು ಅತ್ತೆ ಒಬ್ಬರೇ. ಅವರಿಗೆ ಮಂಡಿನೋವು. ಇವನು ಮೂವತ್ತು ಕೆಜಿ. ಖುಷಿಯಾದಾಗ ಮೈಮೇಲೆ ಹಾರುವುದು ಅವನ ಚಾಳಿ. ಟ್ರೈನಿಂಗ್ ಕೊಡಿಸಿದ್ದು ಅದೇ ಕಾರಣಕ್ಕೆ, ಶೋಕಿಗಲ್ಲ. ಪ್ಯಾಕೇಜಿಗೆ 12,000 ರೂಪಾಯಿ. ನಮ್ಮ ಮನೆ ಲೆಕ್ಕದಲ್ಲಿ ಅದು ಮಗನ ಟ್ಯೂಷನ್ ಫೀಸಿನ ಒಂದು ಕಂತು.

ಅದರಲ್ಲಿ ಏನೇನು ಕಲಿಸುತ್ತಾರೆ ಅಂತ ಇಲ್ಲಿ ಬರೆಯಲು ಹೋಗುವುದಿಲ್ಲ. ಸಿಟ್, ಸ್ಟೇ, ಹೀಲ್, ಕಮ್, ಶೇಕ್‌ಹ್ಯಾಂಡ್. ಎಲ್ಲರ ಪಾಂಪ್ಲೆಟ್‌ನಲ್ಲೂ ಅದೇ ಇರುತ್ತದೆ, ನೀವೂ ನೋಡಿರುತ್ತೀರಿ.

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಆರು ಗಂಟೆ ಅಂದರೆ ಆರೂ ಮುಕ್ಕಾಲು. ಬಂದವರು ಗೇಟಲ್ಲೇ ನಿಂತು ಫೋನಿನಲ್ಲಿ ಇನ್ನೊಂದು ನಾಯಿಯ ಓನರ್ ಜೊತೆ ಮಾತು. ಕ್ಲಾಸಿನಲ್ಲಿ ಅರ್ಧ ಹೊತ್ತು ರೀಲ್ಸ್ ಶೂಟಿಂಗ್. ಅವರು ಕೈ ಎತ್ತಿದರೆ ಗುಂಡ ಕೂರುತ್ತಿದ್ದ, ನಾವು ಎತ್ತಿದರೆ ನಮ್ಮ ಕೈಯಲ್ಲಿ ಏನಿದೆ ಅಂತ ಮೂಸುತ್ತಿದ್ದ. ಕೊನೆಗೆ ಗುಂಡನ ಫೋಟೊ ಹಾಕಿ ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟು ಬೇರೆ ಕೊಟ್ಟರು. ಅತ್ತೆ ಅದನ್ನು ಶೋಕೇಸಿನಲ್ಲಿ ಮೊಮ್ಮಗನ ಎಸ್ಸೆಸ್ಸೆಲ್ಸಿ ಶೀಲ್ಡಿನ ಪಕ್ಕದಲ್ಲೇ ಇಟ್ಟಿದ್ದಾರೆ. ಮಗನಿಗೆ ಇವತ್ತಿಗೂ ಸಿಟ್ಟು.

ಇದೆಲ್ಲ ಸಹಿಸಬಹುದು. ನನಗೆ ಸರಿ ಬರದೇ ಇದ್ದದ್ದು ಮೊದಲ ಕ್ಲಾಸು. ಬ್ಯಾಗಿನಿಂದ ಚೋಕ್ ಚೈನ್ ತೆಗೆದರು, ಅಂದರೆ ಜಗ್ಗಿದರೆ ಕುತ್ತಿಗೆ ಬಿಗಿಯುವ ಸರಪಳಿ. "ನೀವು ಲೀಡರ್ ಆಗಬೇಕು ಮೇಡಂ. ನಿಮ್ಮ ಊಟ ಆದಮೇಲೆ ಅವನಿಗೆ ಹಾಕಿ. ಬಾಗಿಲಲ್ಲಿ ನೀವು ಮೊದಲು ದಾಟಿ. ಇಲ್ಲಾಂದ್ರೆ ಅವನೇ ನಿಮ್ಮ ಬಾಸ್ ಆಗ್ತಾನೆ" ಅಂದರು. ಒಂದು ಸಲ ಜಗ್ಗಿದರು. ಗುಂಡ ಕೆಮ್ಮಿದ. ವರಾಂಡದಲ್ಲಿ ಕೂತಿದ್ದ ಅತ್ತೆ ಎದ್ದು ಬಂದು, "ದನಕ್ಕೂ ಹಿಂಗೆ ಎಳೆಯಲ್ಲಪ್ಪ ನಾವು. ಅದನ್ನ ಒಳಗೆ ಇಡು" ಅಂದರು. ಅಷ್ಟೇ. ಚೈನು ಬ್ಯಾಗ್ ಸೇರಿತು, ಮತ್ತೆ ಹೊರಗೆ ಬರಲಿಲ್ಲ. ಅದೊಂದು ವಿಷಯದಲ್ಲಿ ಟ್ರೈನರ್ ಒಳ್ಳೆಯವರೇ, ಮುಖ ಊದಿಸಿಕೊಳ್ಳಲಿಲ್ಲ.

ಈ ಲೀಡರ್ ಕಥೆ ತೋಳಗಳಿಂದ ಬಂದದ್ದು. 1947ರಲ್ಲಿ ಶೆಂಕೆಲ್ ಅನ್ನುವವರು ಮೃಗಾಲಯದ ತೋಳಗಳು ಮೇಲುಗೈಗಾಗಿ ಕಿತ್ತಾಡುವುದನ್ನು ನೋಡಿ ಬರೆದರು. ಒಂದಕ್ಕೊಂದು ಸಂಬಂಧ ಇಲ್ಲದ ತೋಳಗಳನ್ನು ಒಂದೇ ಕಡೆ ಕೂಡಿಹಾಕಿದರೆ ಕಿತ್ತಾಡದೆ ಇನ್ನೇನು ಮಾಡುತ್ತವೆ, ಅಲ್ವಾ? ಕಾಡಿನ ಹಿಂಡು ಅಂದರೆ ಬಹುಪಾಲು ಅಪ್ಪ, ಅಮ್ಮ, ಅವರ ಮಕ್ಕಳು ಅಂತ ಡೇವಿಡ್ ಮೆಕ್ 1999ರಲ್ಲಿ ಬರೆದರು. ಅವರು ವರ್ಷಗಟ್ಟಲೆ ಕಾಡು ತೋಳಗಳ ಹಿಂದೆಯೇ ಅಲೆದ ವಿಜ್ಞಾನಿ. ತೋಳದ ಕಥೆಯೇ ಹೀಗಿರುವಾಗ ನಾಯಿ ಬಾಗಿಲು ಮೊದಲು ದಾಟುವುದರಲ್ಲಿ ಯಾವ ರಾಜಕೀಯ? ಹೊರಗೆ ಹೋಗುವ ಆತುರ ಅಷ್ಟೇ.

ಈಗ ಗೋಣಿಚೀಲಕ್ಕೆ ಬರೋಣ. ಈ ವಿಮರ್ಶೆಯಲ್ಲಿ ಹೊಗಳುವ ವಿಷಯ ಅದೊಂದೇ.

ಪ್ಯಾಕೇಜಿನ ಪಟ್ಟಿಯಲ್ಲಿ ಕೊನೆಗೆ, ಸಣ್ಣ ಅಕ್ಷರದಲ್ಲಿ, "ಪ್ಲೇಸ್" ಅಂತ ಇತ್ತು. ನಾಯಿಗೆ ಅಂತ ಒಂದು ಹಾಸಿಗೆ, ಹೇಳಿದಾಗ ಅದರ ಮೇಲೆ ಹೋಗಿ ಮಲಗುವುದು. ಸಾವಿರಾರು ರೂಪಾಯಿಯ ಡಾಗ್ ಬೆಡ್ ತರಿಸಲು ಹೇಳಿದ್ದರು. ಅತ್ತೆ ಅಟ್ಟದ ಮೇಲಿದ್ದ ಗೋಣಿಚೀಲ ಮಡಚಿ ಕೊಟ್ಟರು. ನೆಲದ ಮೇಲೆ ಜಾರುವುದಿಲ್ಲ, ತಣ್ಣಗಿರುತ್ತದೆ, ಕಚ್ಚಿ ಹರಿದರೆ ಇನ್ನೊಂದು. ಈಗಿರುವುದು ಮೂರನೆಯದು.

ಕಲಿಸಿದ ರೀತಿ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಬಾಯಿಂದ ಏನೂ ಹೇಳುವುದಿಲ್ಲ. ಚೀಲ ಹಾಸಿ ಸುಮ್ನೆ ನಿಲ್ಲುವುದು. ಗುಂಡ ಒಂದು ಕಾಲು ಇಟ್ಟ, ಬೇಯಿಸಿದ ಕೋಳಿಯ ಒಂದು ಚೂರು ಚೀಲದ ಮೇಲೆ. ನಾಲ್ಕೂ ಕಾಲಿಟ್ಟ, ಇನ್ನೊಂದು ಚೂರು. ಮೊಣಕೈ ಊರಿ ಮಲಗಿದ, ಎರಡು ಚೂರು. ಚೂರನ್ನು ಕೈಯಿಂದ ಬಾಯಿಗೆ ಕೊಡಬಾರದು. ಕೈ ಮೇಲಿದ್ದರೆ ತಲೆ ಎತ್ತುತ್ತಾನೆ, ತಲೆ ಎತ್ತಿದರೆ ಹಿಂದೆಯೇ ಏಳುತ್ತಾನೆ. ಮುಂಗಾಲುಗಳ ನಡುವೆ ಇಡಬೇಕು. ಅದೂ ಮಲಗಿದ ಒಂದೆರಡು ಸೆಕೆಂಡಿನ ಒಳಗೆ. ತಡ ಮಾಡಿ ಕೊಟ್ಟರೆ ಅಷ್ಟರಲ್ಲಿ ಅವನು ಎದ್ದಿರುತ್ತಾನೆ, ಎದ್ದದ್ದಕ್ಕೇ ಕೊಟ್ಟರು ಅಂತ ತಿಳಿದುಕೊಳ್ಳುತ್ತಾನೆ.

ಆಮೇಲೆ ಹೊತ್ತು ಬೆಳೆಸುವುದು. ಐದು ಸೆಕೆಂಡು, ಹತ್ತು, ಹದಿನೈದು ಅಂತ ಏರಿಸುತ್ತಾ ಹೋಗುವುದಲ್ಲ. ಎರಡು, ಐದು, ಮೂರು, ಹತ್ತು, ನಾಲ್ಕು. ಯಾವಾಗ ಬರುತ್ತೆ ಅಂತ ಗೊತ್ತಾಗದೆ ಇದ್ದರೆ ಕಾಯುತ್ತಾನೆ. ನಡುವೆ ಎದ್ದು ಬಂದರೆ ಬೈಯುವ ಹಾಗಿಲ್ಲ. "ನೀವು ಕೊಟ್ಟ ಪ್ರಶ್ನೆ ಕಷ್ಟ ಇತ್ತು ಅಂತ ಅರ್ಥ, ಸುಲಭದ್ದು ಕೊಡಿ" ಅಂದರು ಟ್ರೈನರ್. ಬಾಸ್ ಆಗಿ ಅಂದವರು ಇವರೇನಾ ಅನ್ನಿಸಿತು ನನಗೆ.

ಕಾಲಿಂಗ್ ಬೆಲ್ಲಿನದ್ದು ಇನ್ನೂ ಚೆಂದ. ಮಗ ಹೊರಗೆ ನಿಂತು ಬೆಲ್ ಒತ್ತುವುದು, ಇಲ್ಲಿ ಚೀಲದ ಮೇಲೆ ಚೂರು ಬೀಳುವುದು. ಬೆಲ್, ಚೂರು. ಬೆಲ್, ಚೂರು. ಯಾರೂ ಒಳಗೆ ಬರುವುದಿಲ್ಲ, ಏನೂ ಆಗುವುದಿಲ್ಲ. ಬೆಲ್ ಆಯಿತು ಅಂದರೆ ಬಾಗಿಲಿಗೆ ಓಡಬೇಕು ಅಂತಿದ್ದ ತಲೆಯಲ್ಲಿ, ಬೆಲ್ ಆಯಿತು ಅಂದರೆ ಚೀಲಕ್ಕೆ ಓಡಬೇಕು ಅಂತ ಕೂತಿತು. ಪಕ್ಕದ ಮನೆಯವರು ಬೆಲ್ ಕೆಟ್ಟಿದೆಯಾ ಅಂತ ಕೇಳಿದರು, ಅದು ಬೇರೆ ಮಾತು. ಮೊದಲು ಗ್ಯಾಸ್ ತರುವವನು ಗೇಟಿನಿಂದಲೇ "ಅಕ್ಕಾ, ನಾಯಿ ಕಟ್ರೀ" ಅಂತ ಕೂಗಿ ಸಿಲಿಂಡರ್ ಅಲ್ಲೇ ಉರುಳಿಸಿ ಹೋಗುತ್ತಿದ್ದ. ಈಗ ಅಡಿಗೆಮನೆ ತನಕ ತಂದು ಇಡುತ್ತಾನೆ. ಈ ಒಂದಕ್ಕೇ ಅರ್ಧ ಫೀಸು ವಸೂಲಿ ಅಂತೀನಿ ನಾನು.

ಉಳಿದರ್ಧ ವಸೂಲಾಗುವುದು ಸಂಜೆ. ಅತ್ತೆ ದೀಪ ಹಚ್ಚಿ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ನಮ್ಮದು ಮಂಡಕ್ಕಿ ಊರು, ಸಂಜೆ ಮಂಡಕ್ಕಿ ಮಿರ್ಚಿ ಇಲ್ಲದೆ ಹೊತ್ತು ಮುಳುಗುವುದಿಲ್ಲ. ಹಿಂದೆ ಪೊಟ್ಟಣದ ಸದ್ದಾದರೆ ಸಾಕು, ಮುಂಗಾಲೆರಡೂ ಟೀಪಾಯಿ ಮೇಲೆ. ಈಗ ಅದೇ ಸದ್ದಿಗೆ ತಾನಾಗಿ ಚೀಲಕ್ಕೆ ಹೋಗುತ್ತಾನೆ. ಎರಡು ಸುತ್ತು ತಿರುಗುತ್ತಾನೆ. ದೊಪ್ಪನೆ ಬಿದ್ದು, ದಿನವಿಡೀ ಮೂಟೆ ಹೊತ್ತವನ ಹಾಗೆ ಉಸಿರು ಬಿಡುತ್ತಾನೆ. ಆಮೇಲೆ ಗದ್ದ ಕಾಲಿನ ಮೇಲೆ, ಕಣ್ಣು ಮಾತ್ರ ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ. ಅತ್ತೆ ಒಗ್ಗರಣೆಗೆ ಮುಂಚೆಯೇ ಒಂದು ಸ್ಟೀಲ್ ಬಟ್ಟಲಲ್ಲಿ ಬರೀ ಮಂಡಕ್ಕಿ ತೆಗೆದಿಟ್ಟಿರುತ್ತಾರೆ. ಈರುಳ್ಳಿ ನಾಯಿಗೆ ವಿಷ. ಹಸಿಯಾದರೂ ಬೇಯಿಸಿದ್ದಾದರೂ ರಕ್ತದ ಕೆಂಪು ಕಣ ಒಡೆಯುತ್ತದೆ, ಬೆಳ್ಳುಳ್ಳಿಯೂ ಅಷ್ಟೇ. ತಟ್ಟೆಯಿಂದ ಎತ್ತಿ ಕೊಡುವ ಹಾಗೇ ಇಲ್ಲ. ಬಟ್ಟಲಿಂದ ನಾಲ್ಕು ಕಾಳು ತೆಗೆದು, ಬಗ್ಗಿ, ಚೀಲದ ಮೇಲೆ ಇಡುತ್ತಾರೆ. ಅವನು ಒಂದೊಂದೇ ಕಾಳು ನಾಲಿಗೆ ತುದಿಯಲ್ಲಿ ಹೆಕ್ಕುತ್ತಾನೆ. ಧಾರಾವಾಹಿ ಮುಗಿಯುವ ತನಕ ಇಬ್ಬರದೂ ಇದೇ ಕೆಲಸ. ನಾಯಿ ಮನೆಯೊಳಗೆ ಬೇಡವೇ ಬೇಡ ಅಂತ ಹಟ ಹಿಡಿದಿದ್ದವರು ಇವರೇ. ಈಗ ನಾನು ಚೀಲ ಒಗೆಯಲು ತೆಗೆದರೆ, "ಅವನ ಜಾಗ ಯಾಕವ್ವ ತೆಗೆದೆ" ಅಂತ ನನಗೇ ಕೇಳುತ್ತಾರೆ.

ಇಷ್ಟು ಹೊಗಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ಹೀಲ್, ಅಂದರೆ ಪಕ್ಕದಲ್ಲೇ ನಡೆಯುವುದು, ಕಾಂಪೌಂಡ್ ಒಳಗೆ ನೂರಕ್ಕೆ ನೂರು. ಗೇಟ್ ದಾಟಿದರೆ ಸೊನ್ನೆ. ನಾಯಿ ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ಬರುವುದಿಲ್ಲ. ಹೊಸ ಜಾಗದಲ್ಲಿ, ಹೊಸ ವಾಸನೆಯಲ್ಲಿ ಮತ್ತೆ ಮೊದಲಿಂದ ಕಲಿಸಬೇಕು. ಅದು ಗೊತ್ತಿರುವ ಟ್ರೈನರ್ ಕ್ಲಾಸನ್ನು ರಸ್ತೆಯಲ್ಲಿ ಮಾಡಬೇಕಿತ್ತು. ಮೂಲೆ ಅಂಗಡಿ ಹತ್ತಿರ ಮೂರು ಬೀದಿನಾಯಿ ಮಲಗಿರುತ್ತವೆ, ಅವುಗಳ ಮುಂದೆ ನಡೆಸಿ ತೋರಿಸಿ ಅಂದರೆ "ಅದು ಅಡ್ವಾನ್ಸ್ ಕೋರ್ಸ್ ಮೇಡಂ" ಅಂದರು. ಅದಕ್ಕೆ ಬೇರೆ ಫೀಸು. ಕರೆದರೆ ಬರುವುದೂ ಹಾಗೇ. ಮನೆಯಲ್ಲಿ ಕೂಗಿದರೆ ಓಡಿ ಬರುತ್ತಾನೆ, ಕುಂದವಾಡ ಕೆರೆ ಕಡೆ ಕರೆದುಕೊಂಡು ಹೋದರೆ ನಾನು ಯಾರೋ ಅವನು ಯಾರೋ. ಹಗ್ಗ ಬಿಚ್ಚುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ದಾವಣಗೆರೆಯಲ್ಲಿ ನಾಯಿ ಸಾಕುವವರಿಗೆ ಬೇಕಿರುವುದು ಬೀದಿನಾಯಿ ಎದುರಿಗೆ ಬಂದಾಗ ಏನು ಮಾಡಬೇಕು ಅನ್ನುವುದು. ಅದನ್ನು ಬೇಸಿಕ್‌ನಲ್ಲಿ ಬಿಟ್ಟು ಶೇಕ್‌ಹ್ಯಾಂಡ್ ಇಡುತ್ತಾರೆ. ನೆಂಟರ ಮುಂದೆ ಕೈ ಕೊಡುವ ನಾಯಿ ಯಾರಿಗೆ ಬೇಕಾಗಿದೆ?

ಹಾಂ, ಬೇಸಿಗೆಯಲ್ಲಿ ಸಂಜೆ ಐದಕ್ಕೆ ಕ್ಲಾಸ್ ಅಂದರೆ ಒಪ್ಪಬೇಡಿ. ಏಪ್ರಿಲ್‌ನಲ್ಲಿ ಆ ಹೊತ್ತಿಗೂ ಟಾರು ಕಾದಿರುತ್ತದೆ. ಅಂಗೈ ಹಿಂಭಾಗ ರಸ್ತೆ ಮೇಲೆ ಐದಾರು ಸೆಕೆಂಡು ಇಡಲು ಆಗದಿದ್ದರೆ ನಾಯಿ ಪಾದಕ್ಕೂ ಆಗುವುದಿಲ್ಲ.

ಮನೆಯವರ ಬಗ್ಗೆ ಒಂದು ಮಾತು. ಚಪ್ಪಲಿ ಕಚ್ಚಿದ ದಿನ ಗುಂಡನ ಮುಖ ನೋಡಿ, "ನೋಡು, ತಪ್ಪು ಮಾಡಿದ್ದು ಅವನಿಗೇ ಗೊತ್ತು" ಅನ್ನುತ್ತಿದ್ದರು. ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ. ತಿನ್ನಬೇಡ ಅಂದ ತಿಂಡಿಯನ್ನು ನಾಯಿ ತಿಂದಿದೆಯೋ ಇಲ್ಲವೋ, ಆ ಮುಖಕ್ಕೆ ಸಂಬಂಧವೇ ಇಲ್ಲ. ಬೈದರೆ ಆ ಮುಖ ಬರುತ್ತದೆ. ತಿನ್ನದೆ ಇದ್ದು ಬೈಸಿಕೊಂಡ ನಾಯಿಗಳಲ್ಲಿ ಇನ್ನೂ ಜಾಸ್ತಿ. ಇದನ್ನು ಟ್ರೈನರ್ ಹೇಳಲಿಲ್ಲ, ಮಗ ಓದಿ ಹೇಳಿದ. ಇವರು "ಹಂಗಾ?" ಅಂದು ಚಪ್ಪಲಿ ಸ್ಟ್ಯಾಂಡ್ ಒಂದು ಅಡಿ ಮೇಲಕ್ಕೆ ಹೊಡೆಸಿದರು. ಅಲ್ಲಿಗೆ ಆ ಪಾಠ ಮುಗಿಯಿತು. ಬೈಗುಳಕ್ಕಿಂತ ಎರಡು ಮೊಳೆ ಅಗ್ಗ.

ಯಾರಿಗೆ ಈ ಟ್ರೈನಿಂಗ್ ಬೇಕು? ಮನೆಯಲ್ಲಿ ಹಗಲು ಹೊತ್ತು ಒಬ್ಬರಾದರೂ ಇದ್ದು, ಬಟ್ಟಲು ಹಿಡಿದು ಕೂರುವ ತಾಳ್ಮೆ ಅವರಿಗಿದ್ದರೆ ಕೊಡಿಸಿ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ರಾತ್ರಿ ಒಂಬತ್ತಕ್ಕೆ ಬರುವವರಾದರೆ ಹನ್ನೆರಡು ಸಾವಿರ ನೀರಿಗೆ ಹಾಕಿದ ಹಾಗೆ. ಟ್ರೈನರ್ ಹೋದ ಮೇಲೆ ಅಭ್ಯಾಸ ನಿಂತರೆ ಕಲಿತದ್ದೂ ಹೋಗುತ್ತದೆ, ನಮ್ಮ ಮನೆಯಲ್ಲಿ ಶೇಕ್‌ಹ್ಯಾಂಡ್ ಹೋದ ಹಾಗೆ. ದುಡ್ಡು ಕೊಡುವ ಮುಂಚೆ ಎರಡು ಕೇಳಿ. ಚೋಕ್ ಚೈನ್ ಹಾಕುತ್ತೀರಾ? ಕ್ಲಾಸ್ ರಸ್ತೆಯಲ್ಲೂ ಮಾಡುತ್ತೀರಾ? ಎರಡನೆಯದಕ್ಕೆ ಹೌದು ಅನ್ನುವವರು ಸಿಕ್ಕರೆ ನನಗೂ ನಂಬರ್ ಕಳಿಸಿ.

ಮಂಡಿಯಿಂದ ಗೋಣಿಚೀಲ ತಂದರೆ ಒಗೆದು ಎರಡು ದಿನ ಬಿಸಿಲಲ್ಲಿ ಒಣಗಿಸಿ ಬಳಸಿ. ಕಾಳಿಗೆ ಹಾಕಿದ ಔಷಧಿ ಅದರಲ್ಲಿ ಉಳಿದಿರಬಹುದು. ಆಮೇಲೂ ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ಕೊಡವಿ, ನೇಯ್ಗೆ ಸಂದಿಯಲ್ಲಿ ಉಣ್ಣೆ ಹುಳ ಸೇರಿಕೊಳ್ಳುತ್ತದೆ.

ಐದಕ್ಕೆ ಮೂರು ಸ್ಟಾರ್. ಮೂರೂ ಚೀಲಕ್ಕೆ. ಹೋದ ತಿಂಗಳು ಟ್ರೈನರ್ ಫೋನ್ ಮಾಡಿ, ಅಡ್ವಾನ್ಸ್ ಕೋರ್ಸಿಗೆ ಹಳೇ ಕಸ್ಟಮರ್ ಅಂತ ಎರಡು ಸಾವಿರ ಕಡಿಮೆ ಮಾಡುತ್ತೇನೆ ಅಂದರು. ರಸ್ತೆಗೆ ಬರುವುದಾದರೆ, ಹೇಳಿದ ಟೈಮಿಗೆ ಬರುವುದಾದರೆ ಪೂರ್ತಿ ಫೀಸೇ ಕೊಡುತ್ತೇನೆ ಅಂದೆ. ನೋಡಿ ಹೇಳುತ್ತೇನೆ ಅಂದಿದ್ದಾರೆ, ಇನ್ನೂ ನೋಡುತ್ತಲೇ ಇದ್ದಾರೆ.